ಕೂಸು ಹಸಿರು ಕಾರಿದಾಗ

ಪಿತ್ತ ಎಂಬ ಮಾತು ನಮ್ಮ ಕಡೆ ಎಷ್ಟು ಸಲೀಸು ನೋಡಿ. ತಲೆನೋವು ಬಂದರೆ ಪಿತ್ತ, ಬಸ್ಸಿನಲ್ಲಿ ವಾಂತಿಯಾದರೆ ಪಿತ್ತ, ಖಾಲಿ ಹೊಟ್ಟೆಯಲ್ಲಿ ಚಹಾ ಕುಡಿದು ಎದೆ ಉರಿದರೂ ಪಿತ್ತವೇ. ಕಾಗಲದ ಸಂತೆಯಲ್ಲಿ ಕನ್ನಡದವರೂ ಪಿತ್ತ ಅನ್ನುತ್ತಾರೆ, ಮರಾಠಿಯವರೂ ಪಿತ್ತ ಅನ್ನುತ್ತಾರೆ. ಎರಡೂ ಭಾಷೆಗಳು ಜಗಳವಿಲ್ಲದೆ ಹಂಚಿಕೊಂಡ ಶಬ್ದಗಳಲ್ಲಿ ಇದೂ ಒಂದು! ವಾಂತಿ ಮಾಡಿಕೊಂಡವರಿಗೆ ಹಿರಿಯರು "ಪಿತ್ತ ಹೊರಗ ಬಿತ್ತಲ್ಲ, ಇನ್ನ ಹಗುರಾಕ್ಕತಿ ಬಿಡು" ಅನ್ನುತ್ತಾರೆ. ದೊಡ್ಡವರ ವಿಷಯದಲ್ಲಿ ಅದು ನಡೆಯುತ್ತದೆ. ಆದರೆ ಹುಟ್ಟಿ ಒಂದೆರಡು ದಿನವಾದ ಕೂಸಿನ ವಿಷಯದಲ್ಲಿ ಇದೇ ಮಾತು ಜೀವಕ್ಕೆ ಎರವಾಗುತ್ತದೆ.

ನಾನು ಡಾಕ್ಟರಳಲ್ಲ. ಟಿಸಿಎಚ್ ಮಾಡಿ, ಆಮೇಲೆ ಬಿಎ ಮುಗಿಸಿ, ಕನ್ನಡ ಕಲಿಸುತ್ತಾ ಬಂದವಳು. ಆದರೆ ಗಡಿಯಾಚೆಯ ಕನ್ನಡ ಶಾಲೆಯ ಶಿಕ್ಷಕಿ ಅಂದಮೇಲೆ ಪಾಠದ ಜೊತೆಗೆ ಇನ್ನೂ ಹತ್ತು ಕೆಲಸ ಬೆನ್ನಿಗೆ ಬೀಳುತ್ತವೆ. ಬ್ಯಾಂಕಿನ ಮರಾಠಿ ಕಾಗದ ಓದಿ ಹೇಳುವುದು, ತಹಶೀಲ್ದಾರ ಕಚೇರಿಯ ಅರ್ಜಿ ತುಂಬುವುದು, ಆಸ್ಪತ್ರೆಯ ಇಂಗ್ಲಿಷ್ ಫೈಲು ಬಿಡಿಸಿ ಓದುವುದು. ಈ ಫೈಲು ಓದುವ ಕೆಲಸದಿಂದಲೇ ನನಗೆ ಕೂಸುಗಳ ಕರುಳಿನ ವಿಷಯ ಗೊತ್ತಾದದ್ದು. ತಿಳಿಯದ್ದನ್ನು ಡಾಕ್ಟರರನ್ನು ಕೇಳಿದೆ, ಉಳಿದದ್ದನ್ನು ಓದಿ ತಿಳಿದುಕೊಂಡೆ.

ಮೊದಲು ಪಿತ್ತದ ಲೆಕ್ಕ ನೋಡೋಣ. ನಾವು ಮಾತಿನಲ್ಲಿ ಅನ್ನುವ ಪಿತ್ತ ಬಹುಪಾಲು ಹೊಟ್ಟೆಯ ಹುಳಿನೀರು. ವೈದ್ಯರು ಹೇಳುವ ಪಿತ್ತರಸ ಬೇರೆ. ಅದು ಯಕೃತ್ತಿನಲ್ಲಿ ಹುಟ್ಟಿ, ಸಣ್ಣ ನಾಳದ ಮೂಲಕ ಇಳಿದು, ಜಠರ ದಾಟಿದ ಮೇಲಿನ ಕರುಳಿನ ಮೊದಲ ತುಂಡಿಗೆ ಬಂದು ಸೇರುತ್ತದೆ. ಈ ತುಂಡಿನ ಹೆಸರು ಡುವೋಡಿನಮ್. ಅಲ್ಲಿಂದ ಪಿತ್ತರಸ ಕೆಳಗೆ ಹರಿಯಬೇಕು, ಮೇಲೆ ಬರಬಾರದು. ಕೂಸಿನ ಬಾಯಿಂದ ಸೊಪ್ಪಿನ ರಸದಂಥ ಹಸಿರು ಬಂತು ಅಂದರೆ ಆ ರಸಕ್ಕೆ ಕೆಳಗಿನ ದಾರಿ ಕಟ್ಟಿರಬಹುದು, ಅದಕ್ಕೇ ಹಿಂದಕ್ಕೆ ಬಂದಿದೆ ಎಂದು ಅರ್ಥ. ಹಾಲು ಕುಡಿದ ಕೂಸು ತೇಗಿದಾಗ ಒಂದಿಷ್ಟು ಮೊಸರಿನಂಥ ಬಿಳಿ ಹಾಲು ಕಾರುತ್ತದಲ್ಲ, ಅದು ಮನೆಮನೆಯ ಮಾತು, ಹೆದರಬೇಕಿಲ್ಲ. ಮೂರು ವಾರ ದಾಟಿದ ಮೇಲೆ ಕೂಸು ಬಿಳಿ ಹಾಲನ್ನೇ ಪಿಚಕಾರಿಯಂತೆ ದೂರಕ್ಕೆ ಕಾರತೊಡಗಿದರೆ ಅದು ಬೇರೆ ಕಾಯಿಲೆ, ಜಠರದ ಬಾಗಿಲು ದಪ್ಪವಾಗುವುದು. ಅದಕ್ಕೂ ಆಸ್ಪತ್ರೆ ಬೇಕು. ಆದರೆ ಹಸಿರು ಬಂದಾಗ ಮೂರು ವಾರವಲ್ಲ, ಮೂರು ತಾಸು ಕಾಯುವುದೂ ಹೆಚ್ಚು.

ಈ ಬಣ್ಣದ ಗೊಂದಲ ನಮ್ಮ ಹಳ್ಳಿಯವರಿಗಷ್ಟೇ ಅಂದುಕೊಂಡಿದ್ದೆ. ಹಾಗಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಮಕ್ಕಳ ಶಸ್ತ್ರವೈದ್ಯರು ಬಣ್ಣದ ಚೌಕಗಳನ್ನು ಮುಂದಿಟ್ಟು, ಕೂಸಿನ ವಾಂತಿಯಲ್ಲಿ ಪಿತ್ತರಸ ಯಾವ ಬಣ್ಣದ್ದಿರುತ್ತದೆ ತೋರಿಸಿ ಎಂದು ಪಾಲಕರನ್ನೂ ವೈದ್ಯರನ್ನೂ ಕೇಳಿದರು. ಆ ಅಧ್ಯಯನ 2006ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಬಹಳ ಜನ ಪಾಲಕರು ತೋರಿಸಿದ್ದು ಹಳದಿ. ಪಾಲಕರು ಹೋಗಲಿ, ಸಾಮಾನ್ಯ ವೈದ್ಯರಲ್ಲೂ ಅನೇಕರು ಹಳದಿಯನ್ನೇ ತೋರಿಸಿದರು! ಓದು ಬರಹ ಬಲ್ಲ ದೇಶದಲ್ಲೇ ಹೀಗಿರುವಾಗ, ನಮ್ಮ ಅಜ್ಜಿಯಂದಿರನ್ನು ಏನೂ ತಿಳಿಯದವರು ಎಂದು ಜರೆಯುವುದು ನನಗೆ ಸರಿ ಕಾಣುವುದಿಲ್ಲ.

ಈಗ ಒಬ್ಬ ಹುಡುಗನ ಕಥೆ ಹೇಳಬೇಕು. ಹೆಸರು ಬೇಡ. ನಮ್ಮ ಶಾಲೆಯಲ್ಲಿ ಮೂರನೇ ತರಗತಿ, ಲೆಕ್ಕದಲ್ಲಿ ಚುರುಕು, ಬರವಣಿಗೆ ಮಾತ್ರ ಕೋಳಿ ಕೆದರಿದ ಹಾಗೆ. ಮಕ್ಕಳ ಆರೋಗ್ಯ ತಪಾಸಣೆಗೆ ಡಾಕ್ಟರರ ತಂಡ ಬಂದ ದಿನ ಅವನ ಅಂಗಿ ಎತ್ತಿದಾಗ ಹೊಕ್ಕುಳದ ಮೇಲ್ಭಾಗದಲ್ಲಿ ಬಲಗಡೆಗೆ ಒಂದು ಅಡ್ಡ ಗೀರು ಕಂಡಿತು. ಹೊಳೆಯುವ, ನುಣುಪಾದ ಗೀರು. ಸಾಲಿನಲ್ಲಿದ್ದ ಹುಡುಗರು ತಕ್ಷಣ "ಅಕ್ಕೋರ, ಇವ್ನಿಗೆ ಬರಿ ಹಾಕ್ಯಾರ್ರಿ" ಅಂದರು. ನಮ್ಮ ಭಾಗದಲ್ಲಿ ಕೂಸಿಗೆ ಹೊಟ್ಟೆ ಉಬ್ಬಿದರೆ, ಬಾಲಗ್ರಹವಾದರೆ ಕಾಯಿಸಿದ ಸೂಜಿಯಿಂದಲೋ ಬಳೆಯ ಚೂರಿನಿಂದಲೋ ಹೊಟ್ಟೆಗೆ ಬರೆ ಎಳೆಯುವ ರೂಢಿ ಇತ್ತು, ಅಲ್ಲಲ್ಲಿ ಈಗಲೂ ಉಳಿದಿದೆ. ಹುಡುಗ ತಲೆ ತಗ್ಗಿಸಿ ನಿಂತ. ಡಾಕ್ಟರರು ಗೀರು ನೋಡಿ ಕಾಗದದಲ್ಲಿ ಏನೋ ಬರೆದುಕೊಂಡು "ಆಪರೇಶನ್ ಆಗಿದೆ, ಚೆನ್ನಾಗಿದ್ದಾನೆ" ಅಂದು ಮುಂದಿನವನನ್ನು ಕರೆದರು.

ಮುಂದಿನ ಪಾಲಕರ ಸಭೆಗೆ ಅವನ ತಾಯಿ ಬಂದಾಗ ಕೇಳಿದೆ. "ಬರಿ ಅಲ್ರಿ ಅಕ್ಕೋರ ಅದು. ಹುಟ್ಟಿ ನಾಕ ದಿನದಾಗ ಹೊಟ್ಟಿ ಕೊಯ್ದಾರ್ರಿ" ಅಂದಳು. ಮುಂದಿನ ಸಲ ಬರುವಾಗ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಫೈಲನ್ನೂ ತಂದಳು. ಅದನ್ನು ಯಾರೂ ಅವಳಿಗೆ ಪೂರ್ತಿ ಓದಿ ಹೇಳಿರಲಿಲ್ಲವಂತೆ. ನಾನು ಓದುತ್ತಾ ಹೋದೆ, ಅವಳು ನೆನಪು ಮಾಡಿಕೊಳ್ಳುತ್ತಾ ಹೋದಳು.

ಗಂಡ ಆಗ ಇಚಲಕರಂಜಿಯಲ್ಲಿ ಪವರ್‌ಲೂಮ್ ಮಗ್ಗದ ಕೆಲಸಕ್ಕಿದ್ದ, ಈಗ ಕಾಗಲದ ಎಂಐಡಿಸಿಗೆ ಬರುತ್ತಾನೆ. ಚೊಚ್ಚಲ ಬಾಣಂತನ ತವರಿನದೇ ಎಂಬ ಪದ್ಧತಿಯಂತೆ ಅವಳು ಗಡಿ ದಾಟಿ ಹುಕ್ಕೇರಿ ತಾಲೂಕಿನ ತವರೂರಿಗೆ ಹೋದಳು. 2017ರ ಡಿಸೆಂಬರ್. ಹತ್ತಿರದ ಪಟ್ಟಣದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಗಂಡು ಕೂಸು ಹುಟ್ಟಿತು. ಎರಡೂಕಾಲು ಕಿಲೋ ತೂಕ. ಬಸುರಿಯಲ್ಲಿ ಹೊಟ್ಟೆ ತುಸು ಹೆಚ್ಚೇ ದೊಡ್ಡದಿತ್ತು, ನೋಡಿದವರೆಲ್ಲ ಅವಳಿಜವಳಿ ಅಂದಿದ್ದರು. ಕೊನೆಯ ಸ್ಕ್ಯಾನಿನಲ್ಲಿ ನೀರು ಹೆಚ್ಚಿದೆ ಎಂದು ಬರೆದಿತ್ತು. ಅದಕ್ಕೆ ಕಾರಣವನ್ನು ನಾನು ಆಮೇಲೆ ತಿಳಿದುಕೊಂಡೆ. ಗರ್ಭದೊಳಗಿನ ಕೂಸು ಸುತ್ತಲಿನ ನೀರನ್ನು ನುಂಗುತ್ತಲೇ ಇರುತ್ತದೆ. ಮೇಲಿನ ಕರುಳೇ ಮುಚ್ಚಿದ್ದರೆ ನುಂಗಿದ ನೀರು ಮುಂದೆ ಹೋಗುವುದಿಲ್ಲ, ಹೊರಗೆ ನೀರು ಏರುತ್ತಾ ಹೋಗುತ್ತದೆ. ಐದನೇ ತಿಂಗಳ ಸ್ಕ್ಯಾನಿನಲ್ಲಿ ಇದು ಕಾಣಿಸದೆಯೂ ಇರಬಹುದು, ಬಹಳ ಸಲ ಆರು ಏಳು ತಿಂಗಳ ಮೇಲೆಯೇ ಗೊತ್ತಾಗುವುದು.

ಮೊದಲ ದಿನ ಕೂಸು ಕುಡಿದ ಹಾಲನ್ನೆಲ್ಲ ಕಾರಿತು. "ಗರ್ಭದ ನೀರು ಕುಡದೈತಿ, ಹೊರಗ ಬೀಳ್ಲಿ" ಅಂದರು. ಎರಡನೇ ದಿನ ಬಣ್ಣ ಬದಲಾಯಿತು. "ಪಿತ್ತ ಬೀಳಾಕತ್ತೈತಿ" ಅಂದಳು ಅಜ್ಜಿ. ಹೊಟ್ಟೆ ಉಬ್ಬಿದೆಯೇ ಎಂದು ಮುಟ್ಟಿ ನೋಡಿದರು, ಇಲ್ಲ, ಬದಲಿಗೆ ಒಳಗೆ ಹೋದ ಹಾಗಿತ್ತು. ಹೊರಕಡೆ ಮಾಡಿತೇ ಎಂದು ನೋಡಿದರು, ಸ್ವಲ್ಪ ಕಪ್ಪಗೆ ಮಾಡಿತ್ತು. ಹಾಗಾದರೆ ಕರುಳು ಸರಿ ಇದೆ ಎಂದು ಎಲ್ಲರಿಗೂ ಸಮಾಧಾನ. ನೋಡಿ, ಎಲ್ಲರೂ ಮೋಸಹೋಗುವುದು ಇಲ್ಲಿಯೇ. ಅಡೆತಡೆ ತೀರ ಮೇಲಿದ್ದರೆ ಗಾಳಿ ಕೆಳಗೆ ಹೋಗುವುದೇ ಇಲ್ಲ, ಹೊಟ್ಟೆ ಉಬ್ಬುವುದೂ ಇಲ್ಲ. ತಡೆಯ ಕೆಳಗಿನ ಕರುಳಿನಲ್ಲಿ ಮೊದಲೇ ಕೂಡಿದ್ದ ಕರಿ ಮಲ ಒಂದೆರಡು ಸಲ ಹೊರಬೀಳಬಹುದು. ಉಬ್ಬದ ಹೊಟ್ಟೆ, ಒಂದಿಷ್ಟು ಕರಿ ಮಲ, ಇವೆರಡನ್ನು ನಂಬಿ ಕೂತರೆ ಕೂಸು ಒಣಗುತ್ತಾ ಹೋಗುತ್ತದೆ.

ಡಾಕ್ಟರು ಆ ದಿನ ಊರಲ್ಲಿರಲಿಲ್ಲವಂತೆ. ಕೂಸನ್ನು ಉಳಿಸಿದ್ದು ರಾತ್ರಿ ಪಾಳಿಗೆ ಬಂದ ಒಬ್ಬ ಹಿರಿಯ ನರ್ಸು. ತಾಯಿ ಹಾಸಿಗೆಯ ಬಿಳಿ ಬಟ್ಟೆ ಬದಲಿಸಲು ಕೇಳಿದಾಗ ಅದರ ಮೇಲಿನ ಕಲೆಯನ್ನು ದೀಪದ ಕೆಳಗೆ ಹಿಡಿದು ನೋಡಿದಳು. "ತಂಗಿ, ಇದು ಹಾಲಿನ ವಾಂತಿ ಅಲ್ಲವ್ವಾ. ಈ ಹಸರ ಬಂತಂದ್ರ ಇಲ್ಲಿ ಕುಂಡ್ರೂ ಮಾತಿಲ್ಲ. ಬೆಳಗಾವಿಗೆ ಹೋಗ್ರಿ, ಮುಂಜಾನಿ ತನಕ ಕಾಯಬ್ಯಾಡ್ರಿ" ಅಂದಳು. ಮೂಗಿನಿಂದ ಹೊಟ್ಟೆಗೆ ತೆಳ್ಳನೆ ನಳಿಕೆ ಹಾಕಿ, ಬಾಯಿಂದ ಏನೂ ಕೊಡಬೇಡಿ ಎಂದು ಹೇಳಿ, ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವ ಹಾಗೆ ಸೀರೆಯಲ್ಲಿ ಕಟ್ಟಿ ಓಮ್ನಿ ಗಾಡಿಗೆ ಹತ್ತಿಸಿದಳು. ಆ ಕಲೆಯ ಬಟ್ಟೆಯನ್ನು ಒಗೆಯಲು ಬಿಡಲಿಲ್ಲ. "ಇದನ್ನ ಡಾಕ್ಟರಿಗೆ ತೋರಸ್ರಿ, ಬಾಯಿಲೆ ಹೇಳೂದಕ್ಕಿಂತ ಇದು ಚಲೋ ಹೇಳತೈತಿ" ಅಂದಳಂತೆ. ನನಗಂತೂ ಈ ಮಾತು ಬಹಳ ಹಿಡಿಸಿತು. ಇಪ್ಪತ್ತೈದು ವರ್ಷ ಮಕ್ಕಳಿಗೆ ಉದಾಹರಣೆ ಕೊಟ್ಟು ಪಾಠ ಮಾಡಿದ ನನಗೂ ಇಂಥ ಉದಾಹರಣೆ ಹೊಳೆದಿಲ್ಲ.

ಆ ದೊಡ್ಡ ಆಸ್ಪತ್ರೆಯಲ್ಲಿ ಮೊದಲು ತೆಗೆದದ್ದು ಒಂದು ಸಾದಾ ಎಕ್ಸ್‌ರೇ. ಫೈಲಿನಲ್ಲಿ ಅದರ ವರದಿ ಇದೆ. ಹೊಟ್ಟೆಯ ಮೇಲ್ಭಾಗದಲ್ಲಿ ಎರಡೇ ಗಾಳಿಗುಳ್ಳೆಗಳು, ಒಂದು ದೊಡ್ಡದು, ಒಂದು ಚಿಕ್ಕದು, ಕೆಳಗೆಲ್ಲ ಖಾಲಿ. ದೊಡ್ಡದು ಜಠರ, ಚಿಕ್ಕದು ಹಿಗ್ಗಿದ ಡುವೋಡಿನಮ್. ವೈದ್ಯರು ಇದನ್ನು ಜೋಡಿ ಗುಳ್ಳೆ ಎಂದೇ ಗುರುತಿಸುತ್ತಾರೆ. ಕೂಸಿಗೆ ಒಂದೂವರೆ ದಿನ ರಕ್ತನಾಳದಿಂದ ನೀರು, ಉಪ್ಪು, ಸಕ್ಕರೆ ಕೊಟ್ಟು ಸಾವರಿಸಿದರು. ಹೃದಯದ ಪರೀಕ್ಷೆಯನ್ನೂ ಮಾಡಿದರು. ಡುವೋಡಿನಮ್ ಮುಚ್ಚಿದ ಕೂಸುಗಳಲ್ಲಿ ಸುಮಾರು ಮೂರಕ್ಕೊಂದು ಕೂಸಿಗೆ ಡೌನ್ ಸಿಂಡ್ರೋಮ್ ಇರುತ್ತದೆ, ಹೃದಯದ ದೋಷವೂ ಇರಬಹುದು. ಈ ಕೂಸಿಗೆ ಎರಡೂ ಇರಲಿಲ್ಲ. ನಾಲ್ಕನೇ ದಿನ ಆಪರೇಶನ್.

ಮುಚ್ಚಿದ ಭಾಗವನ್ನು ಕೊಯ್ದು ತೆಗೆಯುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಇಲ್ಲಿ ಹಾಗೆ ಮಾಡುವುದಿಲ್ಲ, ಪಿತ್ತರಸದ ನಾಳ ಅಲ್ಲಿಯೇ ಬಂದು ಸೇರುವುದರಿಂದ ಅದಕ್ಕೆ ಪೆಟ್ಟಾದೀತು. ತಡೆಯ ಮೇಲಿನ ಹಿಗ್ಗಿದ ಕರುಳಿಗೆ ಒಂದು ಸೀಳು, ಕೆಳಗಿನ ಸಣ್ಣ ಕರುಳಿಗೆ ಒಂದು ಸೀಳು, ಎರಡನ್ನೂ ವಜ್ರದ ಆಕಾರ ಬರುವ ಹಾಗೆ ಜೋಡಿಸಿ ಕೂದಲಿನಂಥ ದಾರದಿಂದ ಹೊಲಿಯುತ್ತಾರೆ. ಹೊಲದ ಪೈಪ್‌ಲೈನಿನಲ್ಲಿ ಕಟ್ಟಿದ ತುಂಡನ್ನು ಕೀಳದೆ ಪಕ್ಕದಿಂದ ಬೇರೆ ಜೋಡಣೆ ಕೊಡುವ ಹಾಗೆ. ಈ ವಜ್ರದಾಕಾರದ ಹೊಲಿಗೆಯನ್ನು ರೂಢಿಗೆ ತಂದವರು ಜಪಾನಿನ ಕಿಮುರಾ ಎಂಬ ಶಸ್ತ್ರವೈದ್ಯರು, 1970ರ ದಶಕದಲ್ಲಿ.

ಆಪರೇಶನ್ನಿಗಿಂತ ಕಾಯುವುದೇ ಕಠಿಣವಾಗಿತ್ತು ಎಂದಳು ತಾಯಿ. ಮೂಗಿನ ನಳಿಕೆಯ ಕೊನೆಗೆ ಕಟ್ಟಿದ ಚೀಲದಲ್ಲಿ ದಿನಾ ಹಸಿರು ಬರುತ್ತಿತ್ತು. ಅದು ಕಡಿಮೆಯಾಗಬೇಕು, ಬಣ್ಣ ತಿಳಿಯಾಗಬೇಕು, ಆಮೇಲೆ ಹಾಲು. ಹಿಗ್ಗಿ ಸೋತ ಕರುಳು ಮತ್ತೆ ಕೆಲಸ ಕಲಿಯಲು ವಾರ, ಎರಡು ವಾರ ಬೇಕಾಗುತ್ತದೆ. ಅಲ್ಲಿಯವರೆಗೆ ಕೂಸಿಗೆ ಆಹಾರ ರಕ್ತನಾಳದಿಂದಲೇ. ಈ ವಿದ್ಯೆಯೂ ಹಳೆಯದಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಡಡ್ರಿಕ್ ಮತ್ತು ವಿಲ್ಮೋರ್ ಎಂಬ ವೈದ್ಯರು ಕರುಳು ಮುಚ್ಚಿ ಹುಟ್ಟಿದ ಒಂದು ಹೆಣ್ಣು ಕೂಸಿಗೆ ಪೂರ್ತಿ ಆಹಾರವನ್ನು ರಕ್ತನಾಳದ ಮೂಲಕವೇ ಕೊಟ್ಟು ಬೆಳೆಸಿದ ವರದಿ ಬಂದದ್ದು 1968ರಲ್ಲಿ. ನಮ್ಮ ಹುಡುಗನ ತಾಯಿ ಅಷ್ಟೂ ದಿನ ಮೂರು ತಾಸಿಗೊಮ್ಮೆ ಕೈಯಿಂದ ಹಾಲು ಹಿಂಡಿ ತೆಗೆಯುತ್ತಿದ್ದಳು, ಬತ್ತದಿರಲಿ ಎಂದು. ಹತ್ತನೇ ದಿನ ಸಿರಿಂಜಿನಲ್ಲಿ ಎರಡು ಮಿಲಿ ಕೊಟ್ಟರು. "ಎಳ್ಡು ಮಿಲಿ ಅಂದ್ರ ಚಮಚೇದ ಅರ್ಧಾನೂ ಇಲ್ರಿ. ಅದನ್ನ ಇಟಗೊಂಡ್ತು ನೋಡ್ರಿ, ಕಾರ್ಲಿಲ್ಲ. ವಾರ್ಡಿನ ಮಂದೆಲ್ಲಾ ನನ್ನ ಕೂಸಿನ್ನ ನೋಡಾಕ ಬಂದ್ರು." ಇಪ್ಪತ್ತೊಂದನೇ ದಿನ ಮನೆಗೆ ಬಂದರು. ತವರಿನವರು ಒಂದು ಎಮ್ಮೆ ಮಾರಿದ್ದರು.

ಮನೆಗೆ ಬಂದಮೇಲೆ ಇನ್ನೊಂದು ಶುರುವಾಯಿತು. ಗ್ರಹಣದ ಮಾತು. ಬಸುರಿ ಇದ್ದಾಗ ಗ್ರಹಣದ ರಾತ್ರಿ ಅವಳು ಈಳಿಗೆ ಮುಟ್ಟಿ ತರಕಾರಿ ಹೆಚ್ಚಿದ್ದಳಂತೆ, ಅದಕ್ಕೇ ಕೂಸಿನ ಕರುಳು ಕತ್ತರಿಸಿತು ಎಂದು ಮನೆಯ ಹಿರಿಯರೊಬ್ಬರು ಹೇಳಿದರು. ಎಂಟು ವರ್ಷವಾದರೂ ಅವಳು ಅದನ್ನು ನಂಬಿಕೊಂಡೇ ಇದ್ದಳು, ನನಗೆ ಹೇಳುವಾಗಲೂ ದನಿ ತಗ್ಗಿಸಿದಳು. ನಾನು ಕರಿಹಲಗೆಯ ಮೇಲೆಯೇ ಲೆಕ್ಕ ಹಾಕಿದೆ. ಆ ವರ್ಷ ನಮಗೆ ಕಂಡ ಚಂದ್ರಗ್ರಹಣ 2017ರ ಆಗಸ್ಟ್ 7ರ ರಾತ್ರಿಯದು, ನೂಲು ಹುಣ್ಣಿಮೆ. ಕೂಸು ಹುಟ್ಟಿದ್ದು ಡಿಸೆಂಬರ್ ಮಧ್ಯದಲ್ಲಿ, ಅಂದರೆ ಗ್ರಹಣದ ಹೊತ್ತಿಗೆ ಬಸುರಿಗೆ ಐದು ತಿಂಗಳು. ಡುವೋಡಿನಮ್ಮಿನ ಕಥೆ ಅದಕ್ಕೆ ಎಷ್ಟೋ ಮೊದಲೇ ಮುಗಿದಿರುತ್ತದೆ. ವಿಯೆನ್ನಾದ ಅಂಗರಚನಾ ತಜ್ಞ ಟಾಂಡ್ಲರ್ 1900ರಲ್ಲಿ ವಿವರಿಸಿದ ಪ್ರಕಾರ, ಎರಡನೇ ತಿಂಗಳಲ್ಲಿ ಭ್ರೂಣದ ಈ ಕರುಳಿನ ಒಳಗೆ ಜೀವಕೋಶಗಳು ತುಂಬಿಕೊಂಡು ದಾರಿ ಮುಚ್ಚುತ್ತವೆ, ಕೆಲವು ವಾರಗಳಲ್ಲಿ ಮತ್ತೆ ತೆರವಾಗುತ್ತದೆ. ತೆರವಾಗದೆ ಉಳಿದರೆ ಮುಚ್ಚಿದ ಕರುಳು. ಇವಳ ಲೆಕ್ಕದಲ್ಲಿ ಅದು ಮೇ, ಜೂನ್ ಹೊತ್ತಿಗೇ ಆಗಿಹೋದದ್ದು. "ಅಂದ್ರ ಆವಾಗ ನಾ ಇನ್ನೂ ಇಚಲಕರಂಜ್ಯಾಗ ಇದ್ನಿ, ವಾಂತಿ ಮಾಡಕೋಂತ" ಅಂದು ಸ್ವಲ್ಪ ಹೊತ್ತು ಸುಮ್ಮನೆ ಕೂತಳು.

ಕೆಳಗಿನ ಸಣ್ಣ ಕರುಳು ಮುಚ್ಚುವ ಕಾರಣವೇ ಬೇರೆ. ಅದನ್ನು ಕಂಡುಹಿಡಿದವರಲ್ಲಿ ಒಬ್ಬರ ಹೆಸರು ನಾವೆಲ್ಲ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದೇವೆ. ಕ್ರಿಶ್ಚಿಯನ್ ಬರ್ನಾರ್ಡ್, 1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಮನುಷ್ಯನ ಹೃದಯವನ್ನು ಮನುಷ್ಯನಿಗೆ ಮೊದಲು ಕಸಿ ಮಾಡಿದವರು. ಅದಕ್ಕೂ ಮೊದಲು, ಇನ್ನೂ ಹೆಸರಿಲ್ಲದ ತರುಣ ವೈದ್ಯರಾಗಿದ್ದಾಗ ಅವರು ತಲೆ ಕೆಡಿಸಿಕೊಂಡದ್ದು ಕೂಸುಗಳ ಕರುಳಿನ ಬಗ್ಗೆ. ತಮ್ಮ ಹಿರಿಯರಾದ ಲೌ ಅವರ ಜೊತೆ ಸೇರಿ, ಹುಟ್ಟದ ನಾಯಿಮರಿಯ ಕರುಳಿನ ಒಂದು ತುಂಡಿಗೆ ಹೋಗುವ ರಕ್ತನಾಳವನ್ನು ಕಟ್ಟಿ, ಮರಿಯನ್ನು ತಾಯಿಯ ಗರ್ಭದಲ್ಲೇ ಬೆಳೆಯಲು ಬಿಟ್ಟರು. ಹಲವು ತಿಂಗಳು ಬರೀ ಸೋಲು. ಕೊನೆಗೆ ಹುಟ್ಟಿದ ಮರಿಯ ಕರುಳು ಥೇಟ್ ಆ ಕೂಸುಗಳ ಕರುಳಿನ ಹಾಗೆಯೇ ಮುಚ್ಚಿತ್ತು. 1955ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಗರ್ಭದಲ್ಲಿ ರಕ್ತ ಸರಿಯಾಗಿ ಸಿಗದೆ ಆ ತುಂಡು ಸತ್ತು ಕರಗಿದ್ದು, ತಾಯಿ ತಿಂದದ್ದರಿಂದಲೂ ಅಲ್ಲ, ಹೆಚ್ಚಿದ್ದರಿಂದಲೂ ಅಲ್ಲ. ಶಸ್ತ್ರಕ್ರಿಯೆಗೂ ಇದರಿಂದ ದಾರಿ ಸಿಕ್ಕಿತು. ಮುಚ್ಚಿದ ಜಾಗದ ಮೇಲಿನ ಉಬ್ಬಿದ ತುದಿಗೂ ರಕ್ತ ಕಡಿಮೆ ಇರುವುದರಿಂದ ಅದನ್ನು ಕತ್ತರಿಸಿ ತೆಗೆದು, ಒಳ್ಳೆಯ ಕರುಳಿಗೆ ಒಳ್ಳೆಯ ಕರುಳನ್ನೇ ಜೋಡಿಸಬೇಕು ಎಂದು ತಿಳಿಯಿತು. ಆಮೇಲೆ ಬದುಕುಳಿಯುವ ಕೂಸುಗಳು ಬಹಳ ಹೆಚ್ಚಿದವು.

ಹಾಗಾದರೆ ನಮ್ಮ ಹುಡುಗನಿಗೆ ನಾಲ್ಕನೇ ದಿನದವರೆಗೆ ಕಾಯ್ದರಲ್ಲ, ಅಷ್ಟು ಅವಸರವೇಕೆ ಎಂದು ಕೇಳಬಹುದು. ಕಾಯಬಹುದು ಎಂದು ಗೊತ್ತಾದದ್ದು ಎಕ್ಸ್‌ರೇ ನೋಡಿದ ಮೇಲೆ. ಹೊರಗಿನಿಂದ ನೋಡಿ ಯಾರೂ ಹೇಳಲಾರರು. ಯಾಕೆಂದರೆ ಅದೇ ಹಸಿರು ವಾಂತಿ ಇನ್ನೊಂದು ಕಾರಣಕ್ಕೂ ಬರುತ್ತದೆ, ಅದು ಕರುಳು ತಿರುಚಿಕೊಳ್ಳುವುದು. ಗರ್ಭದಲ್ಲಿ ಕರುಳು ಕೆಲವು ವಾರ ಹೊಟ್ಟೆಯ ಹೊರಗೆ, ಹೊಕ್ಕುಳಬಳ್ಳಿಯೊಳಗೆ ಬೆಳೆದು, ಮುಕ್ಕಾಲು ಸುತ್ತು ತಿರುಗಿ ಒಳಗೆ ಬಂದು ತನ್ನ ಜಾಗಕ್ಕೆ ಅಂಟಿಕೊಳ್ಳುತ್ತದೆ. ಈ ತಿರುಗುವಿಕೆ ಅರ್ಧಕ್ಕೆ ನಿಂತರೆ ಕರುಳೆಲ್ಲ ಒಂದು ಸಣ್ಣ ಬುಡದ ಮೇಲೆ ಜೋತು ಬಿದ್ದಿರುತ್ತದೆ. ಹುಟ್ಟಿದ ಮೇಲೆ ಯಾವಾಗಲೋ, ಹೆಚ್ಚಾಗಿ ಮೊದಲ ತಿಂಗಳಲ್ಲಿ, ಅದು ಹಗ್ಗ ಹೊಸೆದ ಹಾಗೆ ಸುತ್ತಿಕೊಂಡರೆ ರಕ್ತನಾಳವೂ ಸುತ್ತಿಕೊಳ್ಳುತ್ತದೆ. ಆಗ ಕೆಲವೇ ತಾಸುಗಳಲ್ಲಿ ಇಡೀ ಸಣ್ಣ ಕರುಳು ಕಪ್ಪಾಗಿ ಸಾಯಬಹುದು. ಅದನ್ನು ಬಿಡಿಸಿ, ಮತ್ತೆ ಸುತ್ತಿಕೊಳ್ಳದಂತೆ ಹರಡಿ ಇಡುವ ಆಪರೇಶನ್ನಿಗೆ ಬಾಸ್ಟನ್ನಿನ ವಿಲಿಯಂ ಲ್ಯಾಡ್ ಅವರ ಹೆಸರೇ ಇದೆ, 1930ರ ದಶಕದಲ್ಲಿ ಅವರು ಬರೆದದ್ದು. ಹೊತ್ತಿಗೆ ಹೋದರೆ ಕರುಳು ಪೂರ್ತಿ ಉಳಿಯುತ್ತದೆ, ತಡವಾದರೆ ಉಳಿಸಲು ಏನೂ ಇರುವುದಿಲ್ಲ. ನಾಲ್ಕು ದಿನ ಚೆನ್ನಾಗಿ ಹಾಲು ಕುಡಿದು, ಹೊರಕಡೆ ಸರಿಯಾಗಿ ಮಾಡುತ್ತಿದ್ದ ಕೂಸಿಗೂ ಇದು ಬರಬಹುದು, ಅದಕ್ಕೇ ಇದು ಹೆಚ್ಚು ಮೋಸ. ಆ ನರ್ಸಮ್ಮ ಮುಂಜಾನೆ ತನಕ ಕಾಯಬೇಡಿ ಅಂದದ್ದು ಇದಕ್ಕಾಗಿ.

ಲ್ಯಾನ್ಸೆಟ್‌ನಲ್ಲಿಯೇ 2021ರಲ್ಲಿ ಇನ್ನೊಂದು ದೊಡ್ಡ ಅಧ್ಯಯನ ಬಂದಿದೆ. 74 ದೇಶಗಳ 264 ಆಸ್ಪತ್ರೆಗಳು, ಕರುಳು, ಅನ್ನನಾಳ, ಹೊಟ್ಟೆಯ ಗೋಡೆ ಇಂಥ ಏಳು ಬಗೆಯ ಹುಟ್ಟು ದೋಷಗಳ 3849 ಮಕ್ಕಳು. ಶ್ರೀಮಂತ ದೇಶಗಳಲ್ಲಿ ನೂರಕ್ಕೆ 5.6 ಮಕ್ಕಳು ತೀರಿಕೊಂಡರು. ನಮ್ಮಂಥ ಮಧ್ಯಮ ಆದಾಯದ ದೇಶಗಳಲ್ಲಿ 20.4, ಬಡ ದೇಶಗಳಲ್ಲಿ 39.8. ದೋಷಗಳು ಅವೇ. ಬದಲಾಗುವುದು ಕೂಸು ಯಾವ ಸ್ಥಿತಿಯಲ್ಲಿ ಬಂದು ಮುಟ್ಟಿತು, ಮುಟ್ಟಿದ ಮೇಲೆ ಅಲ್ಲಿ ಏನಿತ್ತು ಎಂಬುದು. ಆಸ್ಪತ್ರೆಯೊಳಗಿನದನ್ನು ಶಾಲೆಯವರು ಏನೂ ಮಾಡಲಾರೆವು. ಮುಟ್ಟುವ ಹೊತ್ತಿನ ಬಗ್ಗೆ ಏನಾದರೂ ಮಾಡಬಹುದು ಎಂದೇ ಇಷ್ಟೆಲ್ಲ ಬರೆಯುತ್ತಿರುವುದು.

ಗಡಿಯ ನಮಗೆ ಇದರಲ್ಲಿ ನಮ್ಮದೇ ಒಂದು ತೊಡಕಿದೆ. ಸೊಸೆ ಈಚೆಯವಳು, ಬಾಣಂತನ ಆಚೆ. ರೇಶನ್ ಕಾರ್ಡು ಮಹಾರಾಷ್ಟ್ರದ್ದು, ಆಸ್ಪತ್ರೆ ಕರ್ನಾಟಕದ್ದು. ಕೆಲವೊಮ್ಮೆ ತಿರುಗಾಮುರುಗಾ. ಕಾಗಲದವರಿಗೆ ಕೊಲ್ಹಾಪುರದ ಸಿಪಿಆರ್, ಅಂದರೆ ಛತ್ರಪತಿ ಪ್ರಮಿಲಾರಾಜೆ ಸರ್ಕಾರಿ ಆಸ್ಪತ್ರೆ, ಸುಮಾರು ಇಪ್ಪತ್ತು ಕಿಲೋಮೀಟರು. ಗಡಿಂಗ್ಲಜ್ ಕಡೆಯವರಿಗೆ ಕೊಲ್ಹಾಪುರವೂ ಬೆಳಗಾವಿಯೂ ಹೆಚ್ಚುಕಡಿಮೆ ಒಂದೇ ದೂರ. 2011ರಲ್ಲಿ ಶುರುವಾದ ಕೇಂದ್ರದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯ ಕೂಸಿನ ಚಿಕಿತ್ಸೆಯೂ ಅದನ್ನು ಒಯ್ಯುವ ಗಾಡಿಯೂ ಉಚಿತ. ಮೊದಲು 30 ದಿನದವರೆಗೆ ಇತ್ತು, ಆಮೇಲೆ ಒಂದು ವರ್ಷದವರೆಗೆ ಮಾಡಿದರು. ಮಹಾರಾಷ್ಟ್ರದ ಜೀವನದಾಯಿ ಯೋಜನೆಗೆ 2017ರಿಂದ ಮಹಾತ್ಮಾ ಜ್ಯೋತಿರಾವ ಫುಲೆ ಜನ ಆರೋಗ್ಯ ಯೋಜನೆ ಎಂದು ಹೆಸರು. ಕರ್ನಾಟಕದಲ್ಲಿ 2018ರಿಂದ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ಕರ್ನಾಟಕದೊಳಗಿನ 865 ಊರುಗಳಿಗೂ ತನ್ನ ಯೋಜನೆ ಕೊಡುತ್ತೇನೆ ಅಂದಿತು, ಕರ್ನಾಟಕ ಅದನ್ನು ವಿರೋಧಿಸಿತು. ಆ ಜಗಳ ದೊಡ್ಡವರದು, ಇರಲಿ. ಬಸುರಿಯನ್ನು ತವರಿಗೆ ಕಳಿಸುವ ಮೊದಲೇ, ಏಳನೇ ತಿಂಗಳಲ್ಲೇ, ಇವಳ ಕಾರ್ಡು ಅಲ್ಲಿಯ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ತಾಯಿ ಕಾರ್ಡು, ಸ್ಕ್ಯಾನ್ ವರದಿಗಳು, ಗಂಡ ಹೆಂಡತಿ ಇಬ್ಬರ ಆಧಾರ್, ರೇಶನ್ ಕಾರ್ಡು ಒಂದೇ ಚೀಲದಲ್ಲಿರಲಿ. ನೀರು ಹೆಚ್ಚಿದೆ ಎಂದು ಸ್ಕ್ಯಾನಿನಲ್ಲಿ ಬಂದಿದ್ದರೆ ಹೆರಿಗೆಯನ್ನೇ ಕೂಸುಗಳ ಶಸ್ತ್ರವೈದ್ಯರಿರುವ ದೊಡ್ಡ ಆಸ್ಪತ್ರೆಯಲ್ಲಿ ಮಾಡಿಸಬೇಕೇ ಎಂದು ಡಾಕ್ಟರರನ್ನು ಬಾಯಿ ಬಿಟ್ಟು ಕೇಳಿ.

ತಡೆ ಕೆಳಗಿದ್ದಾಗ ಲಕ್ಷಣ ಬೇರೆ. ಹೊಟ್ಟೆ ಉಬ್ಬುತ್ತಾ ಹೋಗುತ್ತದೆ, ಹೊರಕಡೆ ಆಗುವುದಿಲ್ಲ. ತಿಂಗಳು ತುಂಬಿ ಹುಟ್ಟಿದ ಕೂಸು ಡಾಂಬರಿನಂಥ ಮೊದಲ ಮಲವನ್ನು ಸಾಮಾನ್ಯವಾಗಿ 24 ತಾಸಿನೊಳಗೆ ಮಾಡಿಬಿಡುತ್ತದೆ. 48 ತಾಸು ದಾಟಿದರೆ ತೋರಿಸಲೇಬೇಕು. ಕೆಲವು ಕೂಸುಗಳಿಗೆ ಗುದದ್ವಾರವೇ ಇರುವುದಿಲ್ಲ, ಸುಮಾರು 5 ಸಾವಿರಕ್ಕೆ ಒಂದು ಕೂಸಿಗೆ ಹೀಗೆ. ಹುಟ್ಟಿದ ಕೂಡಲೇ ಬಟ್ಟೆ ಬಿಚ್ಚಿ ನೋಡಿದರೆ ತಿಳಿಯುತ್ತದೆ, ಗಂಡು ಹೆಣ್ಣು ಎಂದು ನೋಡುವ ಅವಸರದಲ್ಲಿ ಇದನ್ನು ನೋಡುವುದೇ ಇಲ್ಲ! ಇನ್ನು ಕೆಲವರಿಗೆ ದ್ವಾರವಿದ್ದರೂ ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇರುವುದಿಲ್ಲ. ಆ ಭಾಗ ಸಡಿಲಗೊಳ್ಳುವುದಿಲ್ಲ, ಮಲ ಮುಂದೆ ಸಾಗುವುದಿಲ್ಲ. ಕೋಪನ್‌ಹೇಗನ್‌ನ ಮಕ್ಕಳ ವೈದ್ಯ ಹಿರ್ಷ್‌ಸ್ಪ್ರುಂಗ್ 1886ರಲ್ಲಿ ಬರ್ಲಿನ್ನಿನ ಸಭೆಯೊಂದರಲ್ಲಿ ಇಂಥ ಎರಡು ಕೂಸುಗಳ ಬಗ್ಗೆ ಹೇಳಿದ್ದರಿಂದ ಕಾಯಿಲೆಗೆ ಅವರದೇ ಹೆಸರು. ನರವಿಲ್ಲದ ಭಾಗವನ್ನು ತೆಗೆದು ಒಳ್ಳೆಯ ಕರುಳನ್ನು ಕೆಳಗೆಳೆದು ಜೋಡಿಸುವ ಆಪರೇಶನ್ 1948ರಲ್ಲಿ ಸ್ವೆನ್ಸನ್ ಅವರಿಂದ ಬಂತು. ಗಂಡು ಕೂಸುಗಳಲ್ಲಿ ಇದು ಹೆಚ್ಚು.

ಇಂಥ ಮಕ್ಕಳೇ ಮುಂದೆ ನಮ್ಮ ಶಾಲೆಗೆ ಬರುವವರು, ಮತ್ತು ಇವರ ಕಷ್ಟ ಆಪರೇಶನ್ನಿಗೆ ಮುಗಿಯುವುದಿಲ್ಲ. ಕೆಲವು ವರ್ಷಗಳ ಹಿಂದೆ ಒಂದನೇ ತರಗತಿಗೆ ಒಬ್ಬಳು ಹುಡುಗಿ ಬಂದಳು. ಕೂಸಿದ್ದಾಗ ಕೆಲವು ತಿಂಗಳು ಹೊಟ್ಟೆಯ ಮೇಲೆ ಮಲದ ಚೀಲ ಕಟ್ಟಿಕೊಂಡಿದ್ದಳು, ಆಮೇಲೆ ಆಪರೇಶನ್ ಆಗಿ ಎಲ್ಲ ಸರಿಯಾಗಿತ್ತು, ಆದರೆ ಹಿಡಿತ ಪೂರ್ತಿ ಬಂದಿರಲಿಲ್ಲ. ದಿನಕ್ಕೊಮ್ಮೆಯಾದರೂ ಚಡ್ಡಿ ಸ್ವಲ್ಪ ಕೊಳೆಯಾಗುತ್ತಿತ್ತು. ಪಕ್ಕದವರು ಮೂಗು ಹಿಡಿದು ಬೆಂಚು ಬಿಟ್ಟೆದ್ದರು. ಎರಡೇ ವಾರಕ್ಕೆ ಶಾಲೆ ಬಿಟ್ಟಳು. ತಾಯಿ "ಮನ್ಯಾಗ ಇರ್ಲಿ ಬಿಡ್ರಿ ಅಕ್ಕೋರ, ದೊಡ್ಡಾಕಿ ಆದಮ್ಯಾಲೆ ನೋಡೂಣು" ಅಂದಳು.

ನಾನು ಬಿಡಲಿಲ್ಲ. ಡಾಕ್ಟರರನ್ನು ಕೇಳಿದಾಗ ಅವರು ಹೇಳಿದ್ದು ಬಹಳ ಸರಳ. ಬೆಳಿಗ್ಗೆ ತಿಂಡಿಯ ಮೇಲೆ ಹತ್ತು ನಿಮಿಷ ದಿನಾ ಅದೇ ಹೊತ್ತಿಗೆ ಕೂಡ್ರಿಸಿ, ಮಲ ಗಟ್ಟಿಯಾಗಿ ಕೂಡದಂತೆ ನೋಡಿ, ಶಾಲೆಯಲ್ಲಿ ಕೇಳಿದ ಕೂಡಲೇ ಬಿಡಿ, ವರ್ಷ ಹೋದಂತೆ ಬಹಳ ಮಟ್ಟಿಗೆ ಸುಧಾರಿಸುತ್ತದೆ ಎಂದರು. ಜ್ವರ, ಹೊಟ್ಟೆ ಉಬ್ಬರ, ನಾತದ ನೀರುಭೇದಿ ಮೂರೂ ಕೂಡಿ ಬಂದರೆ ಮಾತ್ರ ಅದೇ ದಿನ ಆಸ್ಪತ್ರೆಗೆ ತನ್ನಿ, ಆಪರೇಶನ್ ಆದ ಮಕ್ಕಳಿಗೂ ಕರುಳಿನ ಸೋಂಕು ಬರಬಹುದು ಎಂದೂ ಎಚ್ಚರಿಸಿದರು. ಹಳೆಯ ಗೀರಿರುವ ಯಾವ ಮಗುವಾದರೂ ಹೊಟ್ಟೆ ಹಿಡಿದುಕೊಂಡು ಹಸಿರು ಕಾರಿದರೆ, ಎಷ್ಟು ದೊಡ್ಡದಾಗಿದ್ದರೂ ಸೋಡಾ ಕುಡಿಸುತ್ತಾ ಕೂಡಬಾರದು, ಒಳಗೆ ಕರುಳು ಅಂಟಿಕೊಂಡು ತಡೆಯಾಗಿರಬಹುದು. ಇದನ್ನು ನಾನು ನಮ್ಮ ಸ್ಟಾಫ್ ರೂಮಿನ ಗೋಡೆಗೆ ಬರೆದು ಹಚ್ಚಿದ್ದೇನೆ.

ಹುಡುಗಿಯನ್ನು ಬಾಗಿಲ ಪಕ್ಕದ ಜಾಗಕ್ಕೆ ಕೂಡ್ರಿಸಿದೆ. ಕೈ ಎತ್ತುವುದು ಬೇಡ, ಕೇಳುವುದೂ ಬೇಡ, ಎದ್ದು ಹೋಗಬಹುದು ಎಂದು ಇಡೀ ತರಗತಿಗೇ ನಿಯಮ ಮಾಡಿದೆ, ಅವಳೊಬ್ಬಳಿಗೇ ಮಾಡಿದರೆ ಮತ್ತೆ ಬೆರಳು ತೋರಿಸುತ್ತಾರಲ್ಲ! ಮೊದಲ ವಾರ ಅರ್ಧ ತರಗತಿ ಹೊರಗೇ ಇತ್ತು, ಆಮೇಲೆ ಬೇಸರವಾಗಿ ನಿಂತಿತು. ಶೌಚಾಲಯದಲ್ಲಿ ನೀರಿರಲಿಲ್ಲ, ಶಾಲಾ ವ್ಯವಸ್ಥಾಪನ ಸಮಿತಿಯವರ ಬೆನ್ನು ಹತ್ತಿ ಒಂದು ಸಿಂಟೆಕ್ಸ್ ಹಾಕಿಸಿದ್ದಾಯಿತು. ನನ್ನ ಕಪಾಟಿನಲ್ಲಿ ಅವಳ ಎರಡು ಜೊತೆ ಬಟ್ಟೆ ಇರುತ್ತಿದ್ದವು. ಎರಡನೇ ತರಗತಿಯಲ್ಲಿ ವಾರಕ್ಕೆ ಎರಡು ಸಲ ಬೇಕಾಗುತ್ತಿದ್ದವು, ನಾಲ್ಕನೇ ತರಗತಿಗೆ ಬರುವಷ್ಟರಲ್ಲಿ ಆ ಬಟ್ಟೆಗಳು ಅವಳಿಗೆ ಗಿಡ್ಡವಾಗಿ, ಕಪಾಟಿನಲ್ಲೇ ಉಳಿದುಬಿಟ್ಟವು. ಈಗ ಏಳನೇ ತರಗತಿ. ಮೊನ್ನೆ ಖೋಖೋ ಆಡಲು ಗಡಿಂಗ್ಲಜಿಗೆ ಹೋಗಿದ್ದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿ ಪಕ್ಕದ ಸೀಟಿಗಾಗಿ ಜಗಳವಾಡಿದಳಂತೆ. ಕರೆದುಕೊಂಡು ಹೋಗಿದ್ದ ಗುರುಗಳು ಬಂದು ನನ್ನ ಹತ್ತಿರ ದೂರು ಹೇಳಿದರು.